ಐವತ್ತು ರೂಪಾಯಿಯ ದಯೆ

ನಾನಿರುವುದು ಡೊಂಬಿವಲಿಯಲ್ಲಿ. ಮೂಲ ಊರು ಹಾವೇರಿ ಕಡೆಯ ಒಂದು ಹಳ್ಳಿ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದು 2019ರಲ್ಲಿ ನಿವೃತ್ತನಾದೆ. ಬ್ಯಾಂಕಿನಿಂದ ನಿವೃತ್ತನಾದವನೊಬ್ಬ ಕೈಗೆ ಸಿಕ್ಕರೆ ಇಲ್ಲಿಯ ಹೌಸಿಂಗ್ ಸೊಸೈಟಿಯವರು ಅವನನ್ನು ಖಜಾಂಚಿ ಮಾಡದೆ ಬಿಡುವುದಿಲ್ಲ. ನನ್ನನ್ನೂ ಮಾಡಿದರು. ಹೀಗಾಗಿ ಯಾರು ಎಷ್ಟು ದಂಡ ಕಟ್ಟಬೇಕು ಎಂಬ ಲೆಕ್ಕ ನಮ್ಮ ಕಟ್ಟಡದಲ್ಲಿ ನನ್ನ ಕೈಯಲ್ಲೇ ಇರುತ್ತದೆ.

2023ರ ಏಪ್ರಿಲ್ ತಿಂಗಳು. ನಮ್ಮ ಪಂಪ್ ಹೌಸಿನ ಹಿಂದೆ ಒಂದು ಬೀದಿನಾಯಿ ನಾಲ್ಕು ಮರಿ ಹಾಕಿತ್ತು. ಬಾಣಂತಿ ನಾಯಿ, ಹತ್ತಿರ ಹೋದರೆ ಗುರ್ ಎನ್ನುತ್ತಿತ್ತು. ಒಂದು ಸಂಜೆ ಸದಸ್ಯರೊಬ್ಬರು ಒಂದು ಪಾತ್ರೆ ಕುದಿಯುವ ನೀರು ತಂದು ಅದರ ಬೆನ್ನ ಮೇಲೆ ಸುರಿದರು. ಅದು ಕೂಗಿದ ಕೂಗು ನಾಲ್ಕನೇ ಮಹಡಿಯ ನನ್ನ ಮನೆಗೂ ಕೇಳಿಸಿತು. ಇಳಿದು ಹೋಗಿ ನೋಡಿದರೆ ಬೆನ್ನಿನ ಚರ್ಮ ಸುಲಿದು ಬಂದಿದೆ, ಆದರೂ ಮರಿಗಳನ್ನು ಬಿಟ್ಟು ಎದ್ದಿಲ್ಲ. ಮೇಲಿನ ಮನೆಯ ಕಾಲೇಜು ಹುಡುಗಿ, ನಾನು ಸೇರಿ ಗೋಣಿಚೀಲದಲ್ಲಿ ಅದನ್ನು ಎತ್ತಿಕೊಂಡು ರಸ್ತೆಗೆ ಬಂದೆವು. ಇಬ್ಬರು ರಿಕ್ಷಾದವರು ಒಲ್ಲೆ ಎಂದರು. ಮೂರನೆಯವನು ಮಾತಾಡದೆ ಹತ್ತಿಸಿಕೊಂಡ, ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ.

ಮರುದಿನ ಪೊಲೀಸ್ ಠಾಣೆಗೆ ಹೋದೆ. ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟ, ಚಹಾ ತರಿಸಿದ. ಎಲ್ಲ ಕೇಳಿಸಿಕೊಂಡು ಮರಾಠಿಯಲ್ಲಿ, "ಕಾಕಾ, ನೀವು ಹೇಳಿದರೆ ಬರೆದುಕೊಳ್ಳುತ್ತೇನೆ. ಆದರೆ ಕೋರ್ಟಿಗೆ ಹೋದರೂ ದಂಡ ಎಷ್ಟು ಗೊತ್ತೇ? ಐವತ್ತು ರೂಪಾಯಿ. ನೀವು ಇಲ್ಲಿಗೆ ಬಂದು ಹೋಗುವ ರಿಕ್ಷಾ ಖರ್ಚೇ ಅದಕ್ಕಿಂತ ಹೆಚ್ಚು" ಎಂದ.

ಅದೇ ತಿಂಗಳು ನಮ್ಮ ಸೊಸೈಟಿಯಲ್ಲಿ ಒಬ್ಬರು ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ ನಾನೇ ಐನೂರು ರೂಪಾಯಿಯ ರಸೀದಿ ಹರಿದಿದ್ದೆ. ಬಾಣಂತಿ ನಾಯಿಯ ಮೇಲೆ ಕುದಿಯುವ ನೀರು ಹಾಕಿದರೆ ಐವತ್ತು, ಕಾರು ತಪ್ಪು ಜಾಗದಲ್ಲಿಟ್ಟರೆ ಐನೂರು. ಈ ಲೆಕ್ಕ ನನಗೆ ತಾಳೆಯಾಗಲಿಲ್ಲ. ಇವತ್ತಿಗೂ ತಾಳೆಯಾಗಿಲ್ಲ. ಊರಲ್ಲಿರುವ ನೀವಾದರೂ ತಾಳೆ ಮಾಡಿ ತೋರಿಸುತ್ತೀರೋ ಏನೋ ಎಂದು ಇದನ್ನು ಬರೆಯುತ್ತಿದ್ದೇನೆ.

ಠಾಣೆಯಿಂದ ಬಂದ ಮೇಲೆ ಕಾನೂನಿನ ಪುಸ್ತಕ ತರಿಸಿ ಓದಿದೆ. ಅಧಿಕಾರಿ ಸುಳ್ಳು ಹೇಳಿರಲಿಲ್ಲ. ಪ್ರಾಣಿ ಹಿಂಸೆ ತಡೆ ಕಾಯಿದೆ ಬಂದದ್ದು 1960ರಲ್ಲಿ. ಭರತನಾಟ್ಯದಿಂದ ಹೆಸರಾದ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯ ನಾಮಕರಣ ಸದಸ್ಯೆಯಾಗಿದ್ದಾಗ ಇದಕ್ಕಾಗಿ ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ತರುತ್ತದೆ ಎಂದು ನೆಹರೂ ಭರವಸೆ ಕೊಟ್ಟ ಮೇಲೆ ಹಿಂದಕ್ಕೆ ಪಡೆದರು. ಅದರಿಂದ ಹುಟ್ಟಿದ್ದು ಈ ಕಾಯಿದೆ. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅವರೇ ಮೊದಲ ಅಧ್ಯಕ್ಷೆ.

ಕಾಯಿದೆಯ 11ನೇ ಕಲಮಿನಲ್ಲಿ ಹಿಂಸೆಯ ಪಟ್ಟಿ ಉದ್ದ ಇದೆ. ಹೊಡೆಯುವುದು, ಒದೆಯುವುದು, ಮಿತಿಮೀರಿ ಹೇರುವುದು, ಗಾಯವಾದ ಪ್ರಾಣಿಯನ್ನು ದುಡಿಸುವುದು, ನೋವಾಗುವಂತೆ ವಾಹನದಲ್ಲಿ ತುಂಬುವುದು, ಸಾಕಿದವನು ಮೇವು ನೀರು ಕೊಡದಿರುವುದು, ಬೀದಿಗೆ ಬಿಟ್ಟುಬಿಡುವುದು, ಎಲ್ಲವೂ ಅಪರಾಧ. ಓದುತ್ತಾ ಹೋದರೆ ಕಾನೂನು ಮಾಡಿದವರ ಕರುಳು ದೊಡ್ಡದು ಅನಿಸುತ್ತದೆ. ಕೊನೆಗೆ ಶಿಕ್ಷೆಯ ಸಾಲು ಬರುತ್ತದೆ. ಮೊದಲ ಸಲ ಮಾಡಿದರೆ ಹತ್ತರಿಂದ ಐವತ್ತು ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಇಪ್ಪತ್ತೈದರಿಂದ ನೂರು ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ.

ಪ್ರಾಣಿಯನ್ನು ಕೊಂದರೆ ಅಥವಾ ಅಂಗಹೀನ ಮಾಡಿದರೆ ಬೇರೆ ಕಲಮು ಇದೆ. ಹಿಂದೆ ದಂಡಸಂಹಿತೆಯ 428 ಮತ್ತು 429 ಇದ್ದವು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 325 ಬಂದಿದೆ. ಅದರಲ್ಲಿ ಐದು ವರ್ಷದವರೆಗೆ ಸಜೆ ಕೊಡಬಹುದು. ಅಂದರೆ ಕಾನೂನಿನ ಖಾತೆಯಲ್ಲಿ ಸಾವು ಜಮಾ ಆಗುತ್ತದೆ, ಕಾಲು ಮುರಿದದ್ದು ಜಮಾ ಆಗುತ್ತದೆ. ಬರೀ ನೋವು ಜಮಾ ಆಗುವುದಿಲ್ಲ. ನೋವಿನ ಬೆಲೆ ಐವತ್ತು ರೂಪಾಯಿ.

1982ರಲ್ಲಿ ನಾನು ಬ್ಯಾಂಕಿಗೆ ಸೇರಿದಾಗ ಕೈಗೆ ಬರುತ್ತಿದ್ದ ಸಂಬಳ ಸಾವಿರದಿನ್ನೂರರ ಆಸುಪಾಸು. ಆಗ ಐವತ್ತು ರೂಪಾಯಿ ಅಂದರೆ ನನ್ನ ಒಂದು ದಿನದ ಸಂಬಳಕ್ಕಿಂತ ಹೆಚ್ಚು. ಗಾಡಿ ಹೊಡೆಯುವವನಿಗೆ ಎಷ್ಟೋ ದಿನದ ಕೂಲಿ. ಅಂದಿನಿಂದ ನನ್ನ ಸಂಬಳ ಏರಿತು, ಅಕ್ಕಿ ಬೇಳೆಯ ದರ ಏರಿತು, ನನ್ನ ಪಿಂಚಣಿಯ ತುಟ್ಟಿಭತ್ಯೆ ಆರು ತಿಂಗಳಿಗೊಮ್ಮೆ ಬೆಲೆ ಸೂಚ್ಯಂಕ ನೋಡಿ ಬದಲಾಗುತ್ತದೆ. ಒಂದು ಚೆಕ್ಕು ವಾಪಸಾದರೆ ಬ್ಯಾಂಕು ಹಿಡಿದುಕೊಳ್ಳುವ ಶುಲ್ಕ ನೂರಾರು ರೂಪಾಯಿ. ಪ್ರಾಣಿಯ ನೋವಿಗೆ ಮಾತ್ರ ತುಟ್ಟಿಭತ್ಯೆ ಇಲ್ಲ. 2022ರ ಕೊನೆಗೆ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡೊಂದನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಿತು. ಕೇಳಿದ್ದಷ್ಟೇ.

ಇಷ್ಟು ಬರೆದು ನಿಲ್ಲಿಸಿದರೆ ನಾನು ದೊಡ್ಡ ದಯಾವಂತ, ಉಳಿದವರೆಲ್ಲ ಕಟುಕರು ಎಂದು ಹೇಳಿದ ಹಾಗಾಗುತ್ತದೆ. ಹಾಗಿಲ್ಲ. ನನ್ನ ಖಾತೆಯನ್ನೂ ತೆರೆದು ತೋರಿಸಬೇಕು.

1988. ದಕ್ಷಿಣ ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಒಂದು ಶಾಖೆ. ನಾನು ಕೃಷಿ ಸಾಲದ ಅಧಿಕಾರಿ. ಎತ್ತು ಮತ್ತು ಟೈರುಗಾಡಿಗೆ ನಾವು ಸಾಲ ಕೊಡುತ್ತಿದ್ದೆವು. ಹಂಗಾಮು ಶುರುವಾದರೆ ಗಾಡಿಯವರು ಕುಟುಂಬ ಸಮೇತ ಬಂದು ಕಬ್ಬು ಕಡಿದು ಕಾರ್ಖಾನೆಗೆ ಹೊಡೆಯುತ್ತಿದ್ದರು. ಕೂಲಿ ಟನ್ನಿನ ಲೆಕ್ಕ. ಹೆಚ್ಚು ಹೇರಿದರೆ ಹೆಚ್ಚು ಕಾಸು. ಸಾಲದ ಎತ್ತಿಗೆ ವಿಮೆ ಮಾಡಿಸಿ ಕಿವಿಗೆ ನಂಬರಿನ ಬಿಲ್ಲೆ ಹೊಡೆಸುವುದು ನಿಯಮ. ಎತ್ತು ಸತ್ತರೆ ಆ ಬಿಲ್ಲೆ ತಂದು ಒಪ್ಪಿಸಬೇಕು, ಬಿಲ್ಲೆ ಇಲ್ಲದಿದ್ದರೆ ಪರಿಹಾರ ಇಲ್ಲ.

ಒಂದು ಮಧ್ಯಾಹ್ನ ಮೋಟಾರ್ ಸೈಕಲ್ಲಿನಲ್ಲಿ ವಸೂಲಿಗೆ ಹೊರಟಿದ್ದೆ. ಸೇತುವೆಯ ಏರಿನಲ್ಲಿ ಒಂದು ಗಾಡಿ ನಿಂತುಬಿಟ್ಟಿತ್ತು. ಕಬ್ಬು ಮುಗಿಲೆತ್ತರ. ಎಡಗಡೆಯ ಎತ್ತು ಮುಂಗಾಲು ಮಡಚಿ ಕುಸಿದಿದೆ, ಬಾಯಲ್ಲಿ ನೊರೆ. ಗಾಡಿಯವನು ಬಾರುಕೋಲಿನ ಮೊಳೆಯಿಂದ ತಿವಿಯುತ್ತಿದ್ದಾನೆ, ಬಾಲ ಮುರಿಯುತ್ತಿದ್ದಾನೆ. ಅವನ ಹೆಂಡತಿ ಗಾಲಿಗೆ ಕಲ್ಲು ಕೊಟ್ಟು ಹಿಡಿದು ನಿಂತಿದ್ದಾಳೆ. ನೋಡಿದರೆ ನಮ್ಮದೇ ಶಾಖೆಯ ಸಾಲಗಾರ. ಜತ್ತ ತಾಲೂಕಿನವನು, ಮನೆಮಾತು ಕನ್ನಡ. ನಾನು ಗಾಡಿ ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. "ಏ, ಕಿವ್ಯಾಗ ಬಿಲ್ಲಿ ಐತೇನೋ?"

ಅವನು ಬಾರುಕೋಲು ಕೆಳಗಿಳಿಸಿ ನನ್ನ ಮುಖ ನೋಡಿದ. "ಐತ್ರಿ ಸಾಹೇಬ್ರ. ಎತ್ತ ಸತ್ರ ಇನ್ಶೂರನ್ಸ ಬರತೈತಿ. ಸಾಯಲಿಲ್ಲಂದ್ರ ನಿಮ್ಮ ಕಂತ ಹೆಂಗ ಕಟ್ಟಲಿ ಹೇಳ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಎತ್ತಿನ ಬೆನ್ನ ಮೇಲೆ ಕಬ್ಬು ಒಂದೇ ಅಲ್ಲ, ನನ್ನ ವಸೂಲಿಯ ಗುರಿಯೂ ಇತ್ತು. ಹೊಡೆದವನು ಅವನು, ನಿಜ. ಆದರೆ ಆ ಏರಿನಲ್ಲಿ ಅವನಿಗೆ ಹೊಡೆಯದೆ ಗತಿಯಿಲ್ಲದ ಹಾಗೆ ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಈ ಹೊತ್ತಿಗೆ 1965ರ ನಿಯಮಗಳು ಬಂದು ಇಪ್ಪತ್ತಮೂರು ವರ್ಷವಾಗಿತ್ತು. ಎಳೆಯುವ ಹೊರುವ ಪ್ರಾಣಿಯನ್ನು ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಬಿಡುವು ಕೊಡದೆ ಸತತ ಐದು ತಾಸು ಮೀರಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಬಾರದು, ಮೊಳೆ ಬಡಿದ ಕೋಲು ಬಳಸಬಾರದು ಎಂದೆಲ್ಲ ಅದರಲ್ಲಿದೆ. ಯಾವ ಗಾಡಿಗೆ ಎಷ್ಟು ಭಾರ ಎಂಬ ಕೋಷ್ಟಕವೂ ಇದೆ. ಎಂ.ಕಾಂ. ಓದಿದ, ಎತ್ತಿಗೆ ಸಾಲ ಕೊಡುವ ಅಧಿಕಾರಿಯಾದ ನನಗೆ ಇದರ ಒಂದು ಅಕ್ಷರವೂ ಗೊತ್ತಿರಲಿಲ್ಲ. ಶಾಖೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಸಾಲದ ಅರ್ಜಿಯಲ್ಲಿ ಎತ್ತಿನ ಬಣ್ಣ, ಕೊಂಬು, ಸುಳಿ, ವಯಸ್ಸು ಬರೆಯಲು ಕಾಲಂ ಇತ್ತು. ಅದರ ದಣಿವಿಗೆ ಕಾಲಂ ಇರಲಿಲ್ಲ.

ನಮ್ಮ ಅಪ್ಪ ನಾಲ್ಕನೇ ಇಯತ್ತೆ. ಆ ನಿಯಮಗಳನ್ನು ಅವನೂ ಓದಿರಲಿಲ್ಲ. ಆದರೆ ಬಿಸಿಲೇರುತ್ತಿದ್ದಂತೆ ನೊಗ ಇಳಿಸಿ ಎತ್ತನ್ನು ಬೇವಿನ ನೆರಳಿಗೆ ಕಟ್ಟುತ್ತಿದ್ದ. ಅವು ನೀರು ಕುಡಿದ ಮೇಲೆ ತಾನು ಬುತ್ತಿ ಬಿಚ್ಚುತ್ತಿದ್ದ. ಸಂತೆಯಿಂದ ತಂದ ಬಾರುಕೋಲಿನ ಮೊಳೆಯನ್ನು ಇಕ್ಕಳದಿಂದ ಕಿತ್ತು ಬಿಸಾಡುತ್ತಿದ್ದ. ನಾನು ಚಿಕ್ಕವನಿದ್ದಾಗ ಯಾಕಪ್ಪಾ ಎಂದು ಕೇಳಿದ್ದಕ್ಕೆ "ನಿನಗ ಚುಚ್ಚಿದ್ರ ಅವ್ವಾ ಅಂತೀ. ಅದು ಏನಂತ ಅನ್ನಬೇಕೋ ತಮ್ಮಾ?" ಎಂದಿದ್ದ. ಇದು ಅವನಿಗೆ ಯಾವ ಗ್ರಂಥದಿಂದ ಬಂದದ್ದೋ ನಾನರಿಯೆ.

ಈಗ ಊರಿಗೆ ಹೋದಾಗಲೆಲ್ಲ ನಾನು ಈ ವಿಷಯ ಎತ್ತುತ್ತೇನೆ. ಆಗ ಬರುವ ಆಕ್ಷೇಪಗಳು ಮೂರು. ಒಂದೊಂದಾಗಿ ನೋಡೋಣ.

ಮೊದಲನೆಯದು, "ಮನುಷ್ಯರಿಗೇ ಗತಿ ಇಲ್ಲ, ನಾಯಿ ಎತ್ತಿನ ಚಿಂತಿ ಯಾಕ್ರೀ?" ಎನ್ನುವುದು. ಸೇತುವೆಯ ಏರಿನಲ್ಲಿ ಕುಸಿದದ್ದು ಎತ್ತು ಮಾತ್ರವೇ? ಗಾಲಿಗೆ ಕಲ್ಲು ಹಿಡಿದು ನಿಂತ ಆ ಹೆಣ್ಣುಮಗಳು ಎತ್ತಿಗಿಂತ ಸುಖವಾಗಿದ್ದಳೇ? ಒಂದೇ ಭಾರ ಮೂವರ ಮೇಲೂ ಇತ್ತು. ಟನ್ನಿನ ದರ ನ್ಯಾಯವಾಗಿದ್ದರೆ ಅವನು ಅಷ್ಟು ಹೇರುತ್ತಿರಲಿಲ್ಲ. ಎತ್ತಿನ ಹೊರೆ ಇಳಿಸಬೇಕೆಂದರೆ ಗಾಡಿಯವನ ಹೊರೆಯನ್ನೂ ಇಳಿಸಲೇಬೇಕು.

ಮುಂಬೈಯಲ್ಲಿ ಇದನ್ನು ಕಣ್ಣಾರೆ ಕಂಡೆ. ಗೇಟ್‌ವೇ, ಮರೀನ್ ಡ್ರೈವ್ ಕಡೆ ಬೆಳ್ಳಿ ಬಣ್ಣ ಬಳಿದ ವಿಕ್ಟೋರಿಯಾ ಗಾಡಿಗಳು ಓಡಾಡುತ್ತಿದ್ದವು. ಊರಿಂದ ನೆಂಟರು ಬಂದರೆ ನಾವೂ ಹತ್ತಿಸುತ್ತಿದ್ದೆವು. ಕುದುರೆಗಳು ಡಾಂಬರಿನ ಮೇಲೆ ಓಡಿ ಗೊರಸು ಒಡೆದುಕೊಂಡು, ನೆರಳು ನೀರಿಲ್ಲದೆ ನಿಲ್ಲುತ್ತಿದ್ದವು. 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟು ಈ ಸವಾರಿ ಕಾನೂನುಬಾಹಿರ ಎಂದಿತು. ಒಂದು ವರ್ಷದಲ್ಲಿ ನಿಲ್ಲಿಸಿ, ಹಾಗೆಯೇ ಗಾಡಿಯವರಿಗೂ ಬದುಕಿನ ದಾರಿ ಮಾಡಿ ಎಂದಿತು. ಮೊದಲ ಅರ್ಧಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು, ಎರಡನೆಯ ಅರ್ಧ ವರ್ಷಗಟ್ಟಲೆ ಎಳೆಯಿತು. ಬ್ಯಾಟರಿಯ ವಿಕ್ಟೋರಿಯಾ ರಸ್ತೆಗಿಳಿದದ್ದು 2021ರಲ್ಲಿ. ಕುದುರೆಗೆ ನ್ಯಾಯ ಕೊಡುವಾಗ ಸಾರೋಟಿನವನ ಒಲೆ ಆರಿದರೆ ಅವನು ದಯೆ ಎಂಬ ಮಾತನ್ನೇ ದ್ವೇಷಿಸುತ್ತಾನೆ. ಅವನ ತಪ್ಪೇನೂ ಇಲ್ಲ.

ಎರಡನೆಯದು, "ಇದು ನಮ್ಮ ಸಂಪ್ರದಾಯ, ಪ್ರಾಣಿಯನ್ನು ಪೂಜಿಸುವ ನಮಗೆ ಪಾಠ ಬೇಡ." ಪುಣ್ಯಕೋಟಿಯ ಕಥೆ ಕೇಳಿ ಕಣ್ಣೀರು ಹಾಕದ ಕನ್ನಡಿಗನಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತೇವೆ, ಜೂಲ ಹೊದಿಸುತ್ತೇವೆ, ಹೋಳಿಗೆ ತಿನಿಸುತ್ತೇವೆ. ಇಲ್ಲಿ ಮರಾಠಿಗರು ಪೋಳಾ ಮಾಡುತ್ತಾರೆ. ಬಹಳ ಚಂದ. ಆದರೆ ವರ್ಷದಲ್ಲಿ ಉಳಿದ 364 ದಿನಗಳ ಲೆಕ್ಕ ಯಾರು ಕೊಡಬೇಕು? ಹಾಲು ಕರೆಯುವ ನಾವು ಹುಟ್ಟಿದ ಗಂಡುಕರು ಎಲ್ಲಿ ಹೋಯಿತು ಎಂದು ಕೇಳುತ್ತೇವೆಯೇ? ಟ್ರ್ಯಾಕ್ಟರ್ ಬಂದ ಮೇಲೆ ಕರುವಿಗೆ ಕೆಲಸವಿಲ್ಲ, ಕೆಲಸವಿಲ್ಲದ್ದಕ್ಕೆ ಮೇವಿಲ್ಲ. ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಡುವುದೂ ಅದೇ 11ನೇ ಕಲಮಿನ ಅಪರಾಧ. ನಾನು ಸಸ್ಯಾಹಾರಿ. ಹಾಗೆಂದು ಎದೆ ತಟ್ಟಿಕೊಳ್ಳುವ ಮೊದಲು ನನ್ನ ಚಹಾದ ಲೋಟದೊಳಗೆ ಇಣುಕಿ ನೋಡಬೇಕಾಗುತ್ತದೆ.

ಕಂಬಳ, ಜಲ್ಲಿಕಟ್ಟು, ಗಾಡಿ ಶರ್ಯತ್ತಿನ ಮಾತೂ ಬರುತ್ತದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನಗಾಡಿ ಓಟ ಬೇಡ ಎಂದಿತು. 2017ರಲ್ಲಿ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ತಮ್ಮ ತಮ್ಮ ತಿದ್ದುಪಡಿ ತಂದವು. 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಸರಿ, ಗೆದ್ದಿರಿ. ಆದರೆ ಗೆದ್ದದ್ದು ಶರತ್ತಿನ ಮೇಲೆ. ಹಿಂಸೆ ಆಗದಂತೆ ನೋಡಿಕೊಳ್ಳುತ್ತೇವೆ ಎಂದು ಸರ್ಕಾರಗಳು ನಿಯಮ ಬರೆದುಕೊಟ್ಟಿವೆ. ಬ್ಯಾಂಕಿನಲ್ಲಿ ಶರತ್ತಿನ ಮೇಲೆ ಸಾಲ ಮಂಜೂರು ಮಾಡಿದರೆ ಶರತ್ತು ಪಾಲಿಸಿದರೋ ಇಲ್ಲವೋ ಎಂದು ನೋಡಲು ಇನ್ಸ್‌ಪೆಕ್ಷನ್ನಿಗೆ ಹೋಗುತ್ತೇವೆ. ಇಲ್ಲಿ ಹೋಗುವವರು ಯಾರು? ಕೋಣ, ಹೋರಿಗಳನ್ನು ನಿಜವಾಗಿ ಪ್ರೀತಿಸುವವರೇ ಮುಂದೆ ನಿಂತು ಹೊಡೆಯುವವನ ಕೈ ಹಿಡಿಯಲಿ. ಸಂಪ್ರದಾಯ ಉಳಿಸಲು ಅದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ.

ಮೂರನೆಯದು ಕಷ್ಟದ ಪ್ರಶ್ನೆ. "ನಾಯಿ ಕಚ್ಚಿದರೆ ನೀವು ಬರುತ್ತೀರೇನು?" ಕುದಿಯುವ ನೀರು ಸುರಿದವರು ಕೇಳಿದ್ದೂ ಇದನ್ನೇ. ಅವರೂ ಕನ್ನಡದವರು, ರಾಜ್ಯೋತ್ಸವದಲ್ಲಿ ನನ್ನ ಜೊತೆ ಕೂತು ಬಿಸಿಬೇಳೆಭಾತ್ ತಿಂದವರು. ಅವರ ತಂಗಿಯ ಮಗನಿಗೆ ಊರಲ್ಲಿ ನಾಯಿ ಕಚ್ಚಿ ಮನೆಯವರೆಲ್ಲ ತಿಂಗಳುಗಟ್ಟಲೆ ಹೆದರಿಕೆಯಲ್ಲಿ ಕಳೆದಿದ್ದರು. ಆ ಹೆದರಿಕೆ ಸುಳ್ಳಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಕಚ್ಚಿದ ಕೂಡಲೇ ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಪೂರ್ತಿ ಲಸಿಕೆ ಹಾಕಿಸಿಕೊಳ್ಳಬೇಕು. ನಾಯಿಪ್ರೇಮಿಗಳು ಈ ಹೆದರಿಕೆಯನ್ನು ತಮಾಷೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮಕ್ಕಳು ಆಡುವ ಜಾಗದಲ್ಲಿ ಬಿಸ್ಕತ್ತು ಚೆಲ್ಲಿ ತಾವು ಕಾರಿನಲ್ಲಿ ಹೊರಟು ಹೋಗುವವರದು ದಯೆ ಅಲ್ಲ, ಚಟ.

ಆದರೆ ಕುದಿಯುವ ನೀರಿನಿಂದ ರೇಬಿಸ್ ಹೋಗುತ್ತದೆಯೇ? ನೋವು ತಿಂದ ನಾಯಿ ಹೆಚ್ಚು ಕಚ್ಚುತ್ತದೆ, ಕಡಿಮೆ ಅಲ್ಲ. ಮುಂಬೈಗೆ ಈ ಜಗಳ ಹೊಸದೂ ಅಲ್ಲ. 1832ರಲ್ಲಿ ಬೀದಿನಾಯಿ ಕೊಲ್ಲಿಸಲು ಹೊರಟ ಸರ್ಕಾರದ ವಿರುದ್ಧ ಪಾರ್ಸಿಗಳು ಎದ್ದು ಗಲಭೆಯೇ ಆಗಿತ್ತು. ಆಮೇಲೂ ಎಷ್ಟೋ ದಶಕ ನಾಯಿ ಹಿಡಿದು ಕೊಂದರು, ನಾಯಿಗಳು ಮುಗಿಯಲಿಲ್ಲ. ಕಸ ಇರುವವರೆಗೆ ಒಂದು ಬೀದಿ ಖಾಲಿಯಾದರೆ ಪಕ್ಕದ ಬೀದಿಯ ನಾಯಿ ಬಂದು ತುಂಬುತ್ತದೆ. ಅದಕ್ಕಾಗಿಯೇ 2001ರಲ್ಲಿ ಸಂತಾನಹರಣದ ನಿಯಮ ಬಂತು, 2023ರಲ್ಲಿ ಅದರ ಜಾಗದಲ್ಲಿ ಹೊಸ ನಿಯಮ ಬಂತು. ಹಿಡಿಯಬೇಕು, ಶಸ್ತ್ರಚಿಕಿತ್ಸೆ ಮಾಡಬೇಕು, ಲಸಿಕೆ ಹಾಕಬೇಕು, ಅಲ್ಲೇ ಬಿಡಬೇಕು. 2025ರ ಆಗಸ್ಟ್‌ನಲ್ಲಿ ದಿಲ್ಲಿಯ ನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಿ ಎಂದು ಸುಪ್ರೀಂ ಕೋರ್ಟು ಹೇಳಿ, ಹನ್ನೊಂದೇ ದಿನದಲ್ಲಿ ಮೂವರ ಪೀಠ ಅದನ್ನು ತಿದ್ದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಮತ್ತೆ ಅಲ್ಲಿ ಬಿಡಬೇಡಿ ಎಂದಿತು. ಕೋರ್ಟು ಹೀಗೆ ಮೇಲಿಂದ ಮೇಲೆ ಕೈಹಾಕಬೇಕಾಗಿ ಬಂದದ್ದು ಯಾಕೆ? ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಗರಸಭೆಗಳು ತಮ್ಮ ಕೆಲಸ ಅರ್ಧಂಬರ್ಧ ಮಾಡಿದ್ದರಿಂದ. ಅವರ ಬಾಕಿಯನ್ನು ಒಂದು ಕಡೆ ಮಗು ತೀರಿಸುತ್ತಿದೆ, ಇನ್ನೊಂದು ಕಡೆ ನಾಯಿ ತೀರಿಸುತ್ತಿದೆ.

ಹಾಗಾದರೆ ಏನು ಮಾಡಬೇಕು? ನನಗೆ ತಿಳಿದಷ್ಟು ಹೇಳುತ್ತೇನೆ.

ಐವತ್ತು ರೂಪಾಯಿಯ ದಂಡ ಹೋಗಬೇಕು. ಹೊಸ ದಂಡವನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕು, ಮತ್ತೆ ಅರವತ್ತು ವರ್ಷ ಯಾರೂ ಮರೆತು ಕೂರದಂತೆ. ಮತ್ತು ಅದು ಗಾಡಿ ಹೊಡೆಯುವವನ ಮೇಲೆ ಮಾತ್ರ ಬೀಳಬಾರದು. ಪ್ರತಿ ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ತೂಕದ ಕಾಟಾ ಇದೆ. ಎತ್ತಿನಗಾಡಿ ಎಷ್ಟು ಹೇರಿಕೊಂಡು ಬಂತು ಎಂಬ ಚೀಟಿ ಅಲ್ಲಿಯೇ ಹರಿಯುತ್ತದೆ. ಅಂದರೆ ಅಪರಾಧದ ಸಾಕ್ಷಿಯನ್ನು ಕಾರ್ಖಾನೆಯೇ ಬರೆದಿಡುತ್ತದೆ. ಮಿತಿಮೀರಿದ ಗಾಡಿಯ ಕಬ್ಬು ಇಳಿಸಿಕೊಂಡ ಕಾರ್ಖಾನೆ ದಂಡ ಕಟ್ಟಲಿ, ಟನ್ನಿನ ದರ ಏರಿಸಲಿ. ಎತ್ತಿಗೆ ಸಾಲ ಕೊಡುವ ಬ್ಯಾಂಕು 1965ರ ನಿಯಮಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಮಾಡಿ ಸಾಲಪತ್ರದ ಜೊತೆ ಕೊಡಲಿ, ಎತ್ತು ಬಿದ್ದ ವರ್ಷ ಕಂತು ಮುಂದೂಡಲಿ. ಆ ಪತ್ರಗಳನ್ನು ನಾನೇ ನೂರಾರು ಸಲ ತುಂಬಿದ್ದೇನೆ, ಒಂದು ಹಾಳೆ ಸೇರಿಸುವುದು ಕಷ್ಟವಲ್ಲ. ನಿಮ್ಮ ಊರಿನ ಪಂಚಾಯಿತಿ, ನಗರಸಭೆಗೆ ಹೋಗಿ, ಈ ವರ್ಷ ಎಷ್ಟು ನಾಯಿಗೆ ಶಸ್ತ್ರಚಿಕಿತ್ಸೆ, ಎಷ್ಟಕ್ಕೆ ಲಸಿಕೆ ಎಂದು ಲಿಖಿತವಾಗಿ ಕೇಳಿ. ರಸ್ತೆ, ನಲ್ಲಿಯ ಬಗ್ಗೆ ಕೇಳುವ ನಾವು ಇದನ್ನು ಕೇಳುವುದೇ ಇಲ್ಲ.

ನಮ್ಮ ಸೊಸೈಟಿಯ ಕಥೆ ಮುಗಿಸಿಬಿಡುತ್ತೇನೆ. ನಾನು ದೂರು ಬರೆಸಿದೆ. ಐವತ್ತು ರೂಪಾಯಿಯೇ ಆಗಲಿ, ಕಾಗದದ ಮೇಲೆ ಇರಲಿ ಎಂದು. ಆ ಸದಸ್ಯರು ಆರು ತಿಂಗಳು ನನ್ನೊಡನೆ ಮಾತು ಬಿಟ್ಟರು. ಸಾಮಾನ್ಯ ಸಭೆಯಲ್ಲಿ ದೊಡ್ಡ ಗಲಾಟೆಯಾಗಿ, ಕೊನೆಗೆ ಮಕ್ಕಳ ಅಂಗಳ, ಗೇಟು, ಮೆಟ್ಟಿಲುಗಳಿಂದ ದೂರ ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡಿದೆವು. ಅಲ್ಲಿ ಬಿಟ್ಟು ಬೇರೆ ಕಡೆ ಅನ್ನ ಹಾಕುವಂತಿಲ್ಲ. 2023ರ ನಿಯಮವೂ ಇದನ್ನೇ ಹೇಳುತ್ತದೆ. ಮರಿಗಳಲ್ಲಿ ಎರಡು ಉಳಿದವು. ತಾಯಿಗೆ ಗಾಯ ಮಾಯ್ದ ಮೇಲೆ ಶಸ್ತ್ರಚಿಕಿತ್ಸೆ, ಲಸಿಕೆ ಎರಡೂ ಆಯಿತು. ಗುರುತಿಗೆ ಕಿವಿಯ ತುದಿಯಲ್ಲಿ ಒಂದು ಸಣ್ಣ ಕಚ್ಚು ಹಾಕಿದ್ದಾರೆ. ಬೆನ್ನ ಮೇಲೆ ಮಾತ್ರ ಕೂದಲು ಬರಲಿಲ್ಲ.

ಕಳೆದ ವರ್ಷ ಆ ಸದಸ್ಯರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. "ರಾಯರೇ, ಲಸಿಕೆ ವರ್ಷಾ ಹಾಕಸಬೇಕಂತಲ್ಲ, ಈ ಸಲದ್ದು ಆತೇನು?" ಎಂದರು. ಇಲ್ಲ, ಬರುವ ವಾರ ಎಂದೆ. ಜೇಬಿನಿಂದ ಐನೂರರ ನೋಟು ತೆಗೆದು ಕೊಟ್ಟರು. ರಸೀದಿ ಬರೆಯಲೇ ಎಂದು ಕೇಳಿದೆ, ಬೇಡವೆಂದರು. ಖಜಾಂಚಿಯಾದವನು ಹಾಗೆ ಬಿಡಲಾಗುವುದಿಲ್ಲ. ಬರೆದು, ಅವರ ಪತ್ರದ ಡಬ್ಬಿಯಲ್ಲಿ ಹಾಕಿ ಬಂದೆ.